ಕಡಲತೀರಕ್ಕೆ ಕೊಡುವ ದೇಣಿಗೆ ಒಂದೇ ದಿನಕ್ಕೆ ಮುಗಿಯಬಾರದು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಮೂರನೇ ಶನಿವಾರ ಬಂತೆಂದರೆ ನಮ್ಮ ಬೀಚುಗಳಲ್ಲಿ ಬ್ಯಾನರ್, ಟೀಶರ್ಟ್‌ಗಳದ್ದೇ ಸಂತೆ. ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ. ಕಸ ಹೆಕ್ಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಾವಳಿ ಉಳಿಯಲಿ ಅಂತ ಜನ, ಕಂಪನಿಗಳು ಕೊಟ್ಟ ದುಡ್ಡೆಲ್ಲ ಅವತ್ತೇ ಖಾಲಿಯಾದರೆ ಮರುದಿನದಿಂದ ಆ ತೀರ ನೋಡಿಕೊಳ್ಳುವವರು ಯಾರು?

ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ 1965ರಲ್ಲಿ ‘ಎಂಟರ್‌ಪ್ರೈಸ್ ನೆಪ್ಚೂನ್’ ಎಂಬ ಅಭಿಯಾನ ಶುರು ಮಾಡಿತು. ಜನರಿಂದ ಚಂದಾ ಎತ್ತುವುದು, ತೀರದ ಜಾಗ ಕೊಳ್ಳುವುದು, ಅಲ್ಲಿ ಕಟ್ಟಡ ಏಳದಂತೆ ಕಾಯುವುದು. ಈಗ 700 ಮೈಲಿಗೂ ಜಾಸ್ತಿ ತೀರ ಅವರ ಕೈಯಲ್ಲಿದೆ. ನನಗೆ ಇಷ್ಟವಾದದ್ದು ಇಂಗ್ಲೆಂಡಿನ ಡರ್ಹಮ್ ತೀರದ ಕತೆ. ಕಲ್ಲಿದ್ದಲು ಗಣಿಯ ತ್ಯಾಜ್ಯ ಸುರಿದೂ ಸುರಿದೂ ಕಪ್ಪಾಗಿದ್ದ ಅಲ್ಲಿನ ಒಂದು ತುಂಡು 1988ರಲ್ಲಿ ಟ್ರಸ್ಟಿಗೆ ಸಿಕ್ಕಿದ್ದು ಬರೀ 1 ಪೌಂಡಿಗೆ. ಮುಂದೆ ಹಲವು ಸಂಸ್ಥೆಗಳು ಸೇರಿ ಆ ಕರಾವಳಿಯನ್ನು ಚೊಕ್ಕ ಮಾಡಲು ಹಾಕಿದ್ದು ಸುಮಾರು 1 ಕೋಟಿ ಪೌಂಡ್!

ನಮ್ಮಲ್ಲಿ ಮರಳಿನ ಪಟ್ಟಿ ಬಹುಪಾಲು ಸರ್ಕಾರದ್ದೇ, ಕೊಳ್ಳುವ ಪ್ರಶ್ನೆ ಕಡಿಮೆ. ದುಡ್ಡು ಬೇಕಿರುವುದು ನೋಡಿಕೊಳ್ಳುವುದಕ್ಕೆ. ಮಳೆಗಾಲದಲ್ಲಿ ಕಡಲು ಮರಳು ಎಳೆದುಕೊಂಡು ಹೋಗುತ್ತದೆ, ಮಳೆ ನಿಂತ ಮೇಲೆ ತಿರುಗಿ ತಂದು ಹಾಕುತ್ತದೆ. ಹಾಗೆ ಬಂದ ಮರಳನ್ನು ಹಿಡಿದು ದಿಬ್ಬ ಮಾಡುವುದು ಅಡಂಬು ಬಳ್ಳಿ ಮತ್ತು ರಾವಣನ ಮೀಸೆ ಹುಲ್ಲು. ‘ಬೀಚ್ ಅಭಿವೃದ್ಧಿ’ ಅಂತ ಹೊರಟವರು ಮೊದಲು ಕೀಳುವುದು ಇವನ್ನೇ. ಆಮೇಲೆ ಇಂಟರ್‌ಲಾಕ್, ಬೆಂಚು, ಸೆಲ್ಫಿ ಪಾಯಿಂಟ್. ಕಡಲ್ಕೊರೆತ ಶುರುವಾದರೆ ಲೋಡುಗಟ್ಟಲೆ ಕಲ್ಲು. ಕಲ್ಲಿಗೆ ಬಡಿದ ಅಲೆ ಸುಮ್ನೆ ಕೂರುತ್ತದಾ? ತಡೆಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪಕ್ಕದ ಊರನ್ನು ಕೊರೆಯುತ್ತದೆ. ಬಳ್ಳಿ ನೆಟ್ಟು, ಜೀಪು ಬೈಕು ನುಗ್ಗದಂತೆ ಬೇಲಿ ಹಾಕುವ ಖರ್ಚು ಆ ಕಲ್ಲಿನ ಮುಂದೆ ಏನೇನೂ ಅಲ್ಲ. ಆದರೂ ಇದಕ್ಕೆ ಸ್ಪಾನ್ಸರ್ ಸಿಗುವುದಿಲ್ಲ, ಬಳ್ಳಿಯ ಮೇಲೆ ದಾನಿಗಳ ಹೆಸರು ಬರೆಯಲು ಬರುವುದಿಲ್ಲವಲ್ಲ.

ಕಡಲಾಮೆಯ ಕತೆಯೂ ಇದೇ. ಮರಿ ಕಡಲಿಗೆ ಬಿಡುವ ದಿನ ಗಣ್ಯರೆಲ್ಲ ಹಾಜರ್. ಅದಕ್ಕೂ ಮೊದಲು ಒಂದೂವರೆ ತಿಂಗಳಿಗೂ ಜಾಸ್ತಿ ಮೊಟ್ಟೆ ನಾಯಿಗಳ ಪಾಲಾಗದಂತೆ ನಿದ್ದೆಗೆಟ್ಟು ಕಾಯುವ ಮೀನುಗಾರರ ಹುಡುಗರಿಗೆ ಸಂಬಳ ಕೊಡುವವರು ಬೇಕು.

ಇನ್ನು ಅಘನಾಶಿನಿ ನದಿ. 2024ರಲ್ಲಿ ಅದರ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಸಂತೋಷ. ಆದರೆ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಉಳಿಯಬೇಕಾದರೆ ಕಟ್ಟೆ ಗಟ್ಟಿ ಇರಬೇಕು, ಕಟ್ಟೆಗೆ ಮಣ್ಣು ಹಾಕುತ್ತಲೇ ಇರಬೇಕು. ಅದು ಒಡೆದು ಗದ್ದೆ ಹಡಿಲು ಬಿದ್ದರೆ ಅಥವಾ ಸಿಗಡಿ ಕೆರೆಯಾದರೆ ರಾಮ್ಸರ್ ಬೋರ್ಡ್ ಏನು ಮಾಡೀತು?

ಹಾಗಂತ ಸರ್ಕಾರ ಕೈತೊಳೆದುಕೊಳ್ಳಲಿ ಅಂತಲ್ಲ. ಕೇಂದ್ರದ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) 2019ರ ಅಧಿಸೂಚನೆಯೇ ಜನ ಒತ್ತೊತ್ತಾಗಿರುವ ಹಳ್ಳಿ ತೀರಗಳಲ್ಲಿ ಕಟ್ಟಡ ನಿಷೇಧದ ಗಡಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ನಾವು ಚಂದಾ ಎತ್ತಿ ಬಳ್ಳಿ ಬೆಳೆಸುವಾಗ ಹಿಂದಿನಿಂದ ರೆಸಾರ್ಟ್ ಬಂದರೆ ಯಾರನ್ನು ಕೇಳುವುದು?

ನಮ್ಮ ಊರವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವ ಅಂದರೆ ಮುಂಬೈ, ದುಬೈನಿಂದ ಲಕ್ಷಗಟ್ಟಲೆ ಬರುತ್ತದೆ. ಅವರಲ್ಲಿ ಕೆಲವರಾದರೂ ಒಂದು ತೀರ ಆರಿಸಿಕೊಂಡು, ಅಲ್ಲಿನವರೇ ಒಬ್ಬರಿಗೆ ಐದು ವರ್ಷದ ಸಂಬಳ ಕೊಡಲಿ. 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಲೇಬೇಕಾದ ದೊಡ್ಡ ಕಂಪನಿಗಳೂ ಹೀಗೇ ಮಾಡಬಹುದು ಅಲ್ವಾ? ಪ್ರತಿ ಅಕ್ಟೋಬರ್‌ನಲ್ಲಿ ಬಳ್ಳಿ ಎಷ್ಟು ಹಬ್ಬಿದೆ, ಬೇಲಿ ನಿಂತಿದೆಯಾ, ದುಡ್ಡು ಎಲ್ಲಿ ಹೋಯಿತು ಅಂತ ಪಂಚಾಯತಿ ಬೋರ್ಡಿನಲ್ಲಿ ಲೆಕ್ಕ ಹಾಕಲಿ.

– ಒಬ್ಬ ಓದುಗ, ಕುಂದಾಪುರ