15 ನಿಮಿಷದ ಕವನ: ಶನಿವಾರಕ್ಕೆ ಮುಂಚೆ ಓದಿಕೊಳ್ಳಿ

ಗೆಳೆಯರೇ, ಶನಿವಾರ ರಾತ್ರಿ 9ಕ್ಕೆ ಸರಿಯಾಗಿ ನಮ್ಮ ಚಾಟ್ ಗುಂಪಿನಲ್ಲಿ ಒಂದು ಪದ ಕೊಡುತ್ತೇವೆ. ಅದರ ಮೇಲೆ ಬರೆದ ಕವನ 9.15ಕ್ಕೆ ಗುಂಪಿನಲ್ಲಿರಬೇಕು. ಮಿತಿ 12 ಸಾಲು.

ಮೊದಲ 2 ನಿಮಿಷ ಕವನ ಬರೆಯಲೇಬೇಡಿ. ಪದಕ್ಕೆ ಅಂಟಿಕೊಂಡ ವಸ್ತು, ಸದ್ದು, ವಾಸನೆ ಐದಾರು ಗೀಚಿಕೊಳ್ಳಿ. ಕೊಟ್ಟ ಪದ ‘ಬೀಗ’ ಆಗಿದ್ದರೆ ‘ಮನದ ಬೀಗ’ ಎಲ್ಲರಿಗೂ ಹೊಳೆಯುತ್ತದೆ, ಅದನ್ನು ಬಿಡಿ. ತುಕ್ಕು, ಎಣ್ಣೆಯ ಕಲೆ, ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಕೈ: ಇಷ್ಟು ಸಿಕ್ಕರೆ ಅರ್ಧ ಕೆಲಸ ಆದಂತೆ. ಮುಂದಿನ 9 ನಿಮಿಷ ಬರೆಯುತ್ತಾ ಹೋಗಿ, ಹಿಂದಿನ ಸಾಲು ತಿದ್ದಬೇಡಿ. ಕೊನೆಯ 4 ನಿಮಿಷ ಬಾಯಿಬಿಟ್ಟು ಓದಿ; ನಾಲಿಗೆ ತಡವರಿಸಿದ ಕಡೆ ಪದ ಕಡಿಮೆ ಮಾಡಿ. ಮೊದಲ ಎರಡು ಸಾಲು ಹೊಡೆದುಹಾಕಿಯೂ ನೋಡಿ, ಬಹಳ ಸಲ ಅವು ಗಂಟಲು ಸರಿಮಾಡಿಕೊಂಡ ಸದ್ದಷ್ಟೇ.

ಗಡಿಬಿಡಿಯಲ್ಲಿ ಕವನ ಕೆಡುವುದು ಹೆಚ್ಚಾಗಿ ಅಂತ್ಯಪ್ರಾಸದಿಂದ, ಅಂದರೆ ಸಾಲುಗಳ ಕೊನೆಗೆ ಒಂದೇ ಸದ್ದು ತರುವುದರಿಂದ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ‘ಬಂದಿತು, ನಿಂದಿತು, ತಂದಿತು’ ತಾನಾಗಿಯೇ ಸಾಲುಗಟ್ಟುತ್ತದೆ, ಅರ್ಥ ಅದರ ಹಿಂದೆ ಓಡುತ್ತದೆ. ಸಾಲನ್ನು ನಾಮಪದದಲ್ಲಿ ಮುಗಿಸಿ ನೋಡಿ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ, 4 ಸಾಲಿನ ಚುಟುಕಕ್ಕೆ ಸರಿ. 12 ಸಾಲಿಗೆ ಹಿಡಿದರೆ ಸಮಯ ಸಾಲದು.

ಕವನ ಬೇರೆಡೆ ಟೈಪ್ ಮಾಡಿ ಒಂದೇ ಮೆಸೇಜಿನಲ್ಲಿ ಹಾಕಿ. ಸಾಲುಸಾಲಾಗಿ ಕಳಿಸಿದರೆ ನಡುವೆ ಇನ್ನೊಬ್ಬರ ಕವನ ನುಗ್ಗುತ್ತದೆ. ಮುಗಿಯದಿದ್ದರೆ ಅರ್ಧವನ್ನೇ ಹಾಕಿ. ಬೇರೆಯವರ ಕವನಕ್ಕೆ ‘ಸೂಪರ್’, ಚಪ್ಪಾಳೆ ಬೇಡ. ಯಾವ ಸಾಲು ನಿಂತಿತು, ಯಾವುದು ಜಾರಿತು, ಆ ಕವನಕ್ಕೇ ರಿಪ್ಲೈ ಒತ್ತಿ ಹೇಳಿ.