ಕೋಲು ಬಿಟ್ಟು ನಡೆಯುತ್ತಿದ್ದೇನೆ, ಎಲ್ಲರಿಗೂ ಥ್ಯಾಂಕ್ಸ್

ಈ ವಾರ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೋಲು ಬೇಡ" ಅಂದರು. ಬಿದ್ದದ್ದು, ಮೊಣಕಾಲಿನ ಕೆಳಗೆ ಮುರಿದದ್ದು, ರಾಡ್ ಹಾಕಿದ್ದು ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ.

ರಕ್ತ ಕೊಟ್ಟ ಗೆಳೆಯರು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವರು, ನನ್ನ ಕೆಲಸವನ್ನೂ ತಾವೇ ಮಾಡಿದ ಸಹೋದ್ಯೋಗಿಗಳು, ಸುಮ್ನೆ ಬಂದು ಪಕ್ಕದಲ್ಲಿ ಕೂತು ಹೋದವರು, ನಿಮ್ಮೆಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಅಕ್ಕನ ವಿಷಯ ಮಾತ್ರ ಒಂದು ಸಾಲಿಗೆ ಮುಗಿಯುವುದಿಲ್ಲ.

ಬೆಳಿಗ್ಗೆ ಆಪರೇಷನ್ ಅಂತ ಕಾಲಿಗೆ ಪಟ್ಟಿ ಹಾಕಿ ಮಲಗಿಸಿದ್ದ ರಾತ್ರಿ ಅದು. ಇಂಜೆಕ್ಷನ್ ಕೊಟ್ಟರೂ ನೋವು ಇಳಿಯಲಿಲ್ಲ, ಏರುತ್ತಲೇ ಹೋಯಿತು. ಮೂಳೆ ಮುರಿದಿದೆ, ನೋವು ಇದ್ದೇ ಇರುತ್ತೆ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ? ಪಾದ ಬೆಚ್ಚಗಿತ್ತು, ನಾಡಿಯೂ ಸಿಗುತ್ತಿತ್ತು. ಅಕ್ಕ ಒದ್ದೆ ಬಟ್ಟೆಯಿಂದ ಪಾದ ಒರೆಸುತ್ತಿದ್ದಳು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಗೆ ಬಂದಾಗ ನನ್ನ ಮುಖ ನೋಡಿದಳು. "ಇಲ್ಲಿ ಮುಟ್ಟಿದ್ದು ಗೊತ್ತಾಗ್ತಿದೆಯಾ?" ಇಲ್ಲ ಅಂದೆ. ಬಟ್ಟೆ ಅಲ್ಲೇ ಬಿಟ್ಟು ಓಡಿದಳು.

ಡ್ಯೂಟಿ ಡಾಕ್ಟರು ಬಂದು ಕಾಲ್ಬೆರಳುಗಳನ್ನು ಮೆಲ್ಲಗೆ ಕೆಳಗೆ ಬಗ್ಗಿಸಿದರು. ನಾನು ಕಿರುಚಿಕೊಂಡೆ. ತಕ್ಷಣ ಪಟ್ಟಿ ಪೂರ್ತಿ ಬಿಚ್ಚಿಸಿ, ಕಾಲ ಕೆಳಗಿದ್ದ ದಿಂಬುಗಳನ್ನೂ ತೆಗೆಸಿದರು. ಕಾಲು ಎತ್ತರದಲ್ಲಿದ್ದರೆ ಇಳಿದು ಬರುವ ರಕ್ತ ಇನ್ನೂ ಕಡಿಮೆಯಾಗುತ್ತದಂತೆ, ಎದೆಯ ಮಟ್ಟಕ್ಕೇ ಇರಬೇಕಂತೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುವ ಹೆಸರು ನಾನು ಕೇಳಿದ್ದು ಆಗಲೇ. ಮೊಣಕಾಲಿನಿಂದ ಹರಡಿನವರೆಗೆ ಮಾಂಸಖಂಡಗಳು 4 ಕೋಣೆಗಳಲ್ಲಿ ಇರುತ್ತವೆ. ಕೋಣೆಯ ಸುತ್ತಲಿನ ಪೊರೆ ಗಟ್ಟಿ, ಹಿಗ್ಗುವುದಿಲ್ಲ. ಒಳಗೆ ಊತ ಬಂದರೆ ಒತ್ತಡ ಏರಿ, ಸಣ್ಣ ರಕ್ತನಾಳಗಳು ಮುಚ್ಚಿ, ಮಾಂಸಕ್ಕೂ ನರಕ್ಕೂ ರಕ್ತ ಸಿಗುವುದಿಲ್ಲ. ಸುಮಾರು 6 ಗಂಟೆ ದಾಟಿದರೆ ಆದ ಹಾನಿ ಹಾಗೇ ಉಳಿದುಬಿಡಬಹುದು. ಆ ರಾತ್ರಿಯೇ ಕಾಲಿನ ಎರಡೂ ಬದಿ ಉದ್ದಕ್ಕೆ ಕೊಯ್ದು ಒತ್ತಡ ಬಿಡಿಸಿದರು.

ಒಪ್ಪಿಗೆ ಪತ್ರವನ್ನು ನಾನು ನೋಡಿದ್ದು ಮನೆಗೆ ಬಂದು ಎಷ್ಟೋ ದಿನದ ಮೇಲೆ, ಫೈಲು ಜೋಡಿಸುವಾಗ. ಕಾಲು ತೆಗೆಯಬೇಕಾಗಿ ಬರಬಹುದು ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಅಕ್ಕನ ಸಹಿ. ಅದನ್ನು ಓದಿ, ಸಹಿ ಹಾಕಿ, ಒಳಗೆ ಬಂದು ನನ್ನ ಹಣೆ ಒರೆಸಿದ್ದಳು. ಒಂದು ಮಾತೂ ಹೇಳಿರಲಿಲ್ಲ. ಫೈಲು ಹಿಡಿದುಕೊಂಡು ತುಂಬಾ ಹೊತ್ತು ಅತ್ತೆ. ನನ್ನ ನೋವು ಜಾಸ್ತಿ ಅಂತ ನಂಬಿದವಳು ಅವಳು. ಕಾಲು ಉಳಿದದ್ದು ಅದರಿಂದ.

ಅಷ್ಟು ಹೊತ್ತಿನಲ್ಲಿ ಎದ್ದು ಬಂದ ಸರ್ಜನ್‌ಗೆ, ತೆರೆದ ಗಾಯಕ್ಕೆ ದಿನಾ ಅಷ್ಟು ಜೋಪಾನವಾಗಿ ಡ್ರೆಸಿಂಗ್ ಮಾಡಿದ ಸಿಸ್ಟರ್‌ಗಳಿಗೆ ನಾನು ಋಣಿ. ಫಿಸಿಯೋ ಮೇಡಂ ನನ್ನ ಪಾದ ಮೇಲೆತ್ತುವುದನ್ನು ಮೊದಲಿಂದ ಕಲಿಸಿದರು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹಿಂದೆ ಉಳಿದ ಕಾಲಿನ ಹರಡು ಚೆನ್ನಾಗಿ ಬಗ್ಗಬೇಕು, ಮೀನಖಂಡ ಇಡೀ ಮೈಭಾರ ತಡೆದು ನಿಧಾನಕ್ಕೆ ಬಿಡಬೇಕು. ಅವರು ಒಂದು ಮೆಟ್ಟಿಲು ಕೆಳಗೆ ನಿಂತು, ಕೈ ಚಾಚಿ, ಆದರೆ ಹಿಡಿಯದೆ ಕಾಯುತ್ತಿದ್ದರು.

ನಿಮ್ಮಲ್ಲಿ ಯಾರಿಗಾದರೂ ಕಾಲು ಮುರಿದು ಪಟ್ಟಿ ಹಾಕಿದ್ದರೆ, ಔಷಧಿ ಕೊಟ್ಟರೂ ನೋವು ಏರುತ್ತಲೇ ಇದ್ದರೆ, ಬೆರಳು ಬಗ್ಗಿಸಿದರೆ ಜೀವ ಹೋದಂತಾದರೆ, ದಯವಿಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಡಾಕ್ಟರನ್ನು ಕರೆಯಿರಿ. ಇದನ್ನು ಬರೆಯಲೇಬೇಕು ಅಂದವಳೂ ಅಕ್ಕನೇ.