ಬಾಣಂತಿಗೆ ಆ ಹತ್ತು ಪ್ರಶ್ನೆ ಕೇಳಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಒಬ್ಬ ಕಬ್ಬು ಬೆಳೆಗಾರ. ಮಂಡ್ಯ ಜಿಲ್ಲೆಯವನು ಅಂದಮೇಲೆ ನಾಲೆ ನೀರಿಗೋ ಕಬ್ಬಿನ ಬಾಕಿಗೋ ಬರೆದಿದ್ದಾನೆ ಅಂದುಕೊಳ್ಳಬೇಡಿ. ಅದಕ್ಕೆ ಬರೆಯುವವರು ಇದ್ದಾರೆ. ನಾನು ಬರೆಯುತ್ತಿರುವುದು ಬಾಣಂತಿಯರ ಮನಸ್ಸಿನ ಆರೋಗ್ಯದ ವಿಷಯ. ಆಸ್ಪತ್ರೆಯಲ್ಲಿ ಹೇಳಿದೆ. ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆ. "ಸಾಹೇಬರ ಗಮನಕ್ಕೆ ತರ್ತೀವಿ" ಅಂದರು. ಆಮೇಲೆ ಎರಡು ಮಳೆಗಾಲ ಕಳೆದವು. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ತಂಗಿ ಒಪ್ಪಿದ್ದಾಳೆ. ಹೆಸರು, ಊರು ಮಾತ್ರ ಬೇಡ ಅಂದಳು.

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ತಾಲ್ಲೂಕಿನ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆ ನಡೆಸುವವರೂ ನೀವೇ. ಹಾಗಾಗಿ ನಿಯಮಗಳು ನಿಮಗೆ ಗೊತ್ತೇ ಇರುತ್ತವೆ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ನಮ್ಮ ಮನೆಗೆ ಬಂದರು, ಸುಳ್ಳು ಹೇಳಲಾರೆ. ಮಗುವಿನ ತೂಕ ನೋಡಿದರು, ಜ್ವರ ನೋಡಿದರು, ಹೊಕ್ಕುಳು ಒಣಗಿದೆಯಾ ನೋಡಿದರು, ಹಾಲು ಸಾಕಾಗುತ್ತಾ ಅಂತ ಕೇಳಿದರು. "ನಿದ್ದೆ ಬರ್ತದೇನವ್ವಾ, ಮನಸ್ಸು ಹೆಂಗಿದೆ" ಅಂತ ಮಾತ್ರ ಕೇಳಲಿಲ್ಲ. ಅವರ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ಹೆಣ್ಣುಮಗಳನ್ನು ನಾನು ಬೈಯುವುದಿಲ್ಲ. ಕೊಡುವ ಗೌರವಧನಕ್ಕೆ ಅವರು ಮಾಡುವ ಕೆಲಸವೇ ಜಾಸ್ತಿ.

ತಂಗಿಗೆ ಎರಡನೆಯದೂ ಹೆಣ್ಣು. ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಳು. ಎರಡನೇ ವಾರಕ್ಕೆ ನಿದ್ದೆ ಪೂರ್ತಿ ಬಿಟ್ಟಳು. ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅನ್ನೋಳು. ಹಾಲು ಕುಡಿಸುತ್ತಾ ಕುಡಿಸುತ್ತಾ ಬಾಗಿಲ ಕಡೆ ನೋಡೋಳು, ಯಾರೋ ಬರ್ತಾರೆ ಅಂತ. ಊರಿನವರು ಬಾಣಂತಿ ಸನ್ನಿ ಅಂದರು, ಗಾಳಿ ಅಂದರು, ತಾಯತ ಕಟ್ಟಿಸಿ ಅಂದರು. ಊರಿನವರ ಮಾತು ಬಿಡಿ. ಆಸ್ಪತ್ರೆಯಲ್ಲಿ ಏನಂದರು ಗೊತ್ತಾ? "ಎರಡನೇದೂ ಹೆಣ್ಣಾ? ಹಂಗಾದ್ರೆ ಅಳ್ತಾರೆ ಬಿಡಿ, ಸರಿ ಹೋಗ್ತದೆ." ರಕ್ತದ ಮಾತ್ರೆ ಬರೆದುಕೊಟ್ಟು, ಮನಸ್ಸಿನ ಡಾಕ್ಟರು ಮಂಗಳವಾರ ಬರ್ತಾರೆ ಅಂದು ಕಳಿಸಿದರು.

ಮಂಗಳವಾರ ಹೋದೆವು. ಮನೋಚೈತನ್ಯ ಅಂತ ಬೋರ್ಡ್ ಇತ್ತು, ಮಂಗಳವಾರದ ಮನಸ್ಸಿನ ಚಿಕಿತ್ಸೆಯ ಕ್ಲಿನಿಕ್ಕಿಗೆ ಸರ್ಕಾರ ಇಟ್ಟ ಹೆಸರು ಅದು. ಕುರ್ಚಿ ಖಾಲಿ. ಮೀಟಿಂಗ್ ಇದೆ, ಇವತ್ತು ಬರಲ್ಲ ಅಂದರು.

ಅದೇ ವಾರ ಒಂದು ಬೆಳಗಿನ ಜಾವ, ಡೈರಿಗೆ ಹಾಲು ಹಾಕೋಕೆ ಹೊರಟಿದ್ದ ನಮ್ಮೂರಿನವರು ಅವಳನ್ನು ನಾಲೆ ಏರಿ ಮೇಲೆ ನೋಡಿದರು. ಬರಿಗಾಲು. ಕಿವಿಗೆ ಇಟ್ಟ ಹತ್ತಿ ಹಾಗೇ ಇತ್ತು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ. ಮಗುವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳಂತೆ. ಪುಣ್ಯಾತ್ಮರು, ಹಾಲಿನ ಕ್ಯಾನು ಅಲ್ಲೇ ಇಟ್ಟು, ಮಾತಾಡಿಸುತ್ತಾ ಮನೆವರೆಗೂ ಕರೆತಂದರು.

ಅವತ್ತೇ ಕಾರು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆವು. ಸೇರಿಸಿಕೊಳ್ತೀವಿ, ಮಗುವನ್ನು ಮನೆಗೆ ಕರ್ಕೊಂಡು ಹೋಗಿ ಅಂದರು. ತಿಂಗಳು ತುಂಬದ ಕೂಸು ಸ್ವಾಮಿ! ಮೊದಲೇ ಮಗುವನ್ನು ಯಾರೋ ಎತ್ತಿಕೊಂಡು ಹೋಗ್ತಾರೆ ಅನ್ನುವ ಭಯದಲ್ಲಿ ಇದ್ದವಳ ಕೈಯಿಂದ ಮಗುವನ್ನು ಕಿತ್ತು ನಮ್ಮಮ್ಮನ ಕೈಗೆ ಕೊಟ್ಟರು. ಅವಳ ಕೂಗು ಕಾರಿಡಾರ್ ಪೂರ್ತಿ ಕೇಳುತ್ತಿತ್ತು. ನಮ್ಮಮ್ಮ ಹೊರಗಡೆ ನೆಲದ ಮೇಲೆ ಕೂತು, ಕ್ಯಾಂಟೀನಿನಿಂದ ಬಿಸಿನೀರು ಕೇಳಿ ತಂದು, ಮೆಡಿಕಲ್ ಶಾಪಿನ ಹಾಲಿನ ಪುಡಿ ಕಲಸಿ ಚಮಚದಲ್ಲಿ ಕುಡಿಸಿದರು. ಒಳಗೆ ತಾಯಿಯ ಎದೆ ಹಾಲು ಸೋರಿ ರವಿಕೆ ಒದ್ದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ತಾಯಿಯಿಂದ ಅಪಾಯ ಇದೆ ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರೆ ಆ ಮಾತು ಬೇರೆ. ಇಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ. ವಾರ್ಡಿನಲ್ಲಿ ಮಗುವಿಗೆ ಜಾಗ ಇಲ್ಲ ಅಂದರು, ಅಷ್ಟೇ. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ ಅಲ್ಲಿ 2009ರಿಂದಲೇ ಇದೆ. ತಂಗಿ ಈಗ ಚೆನ್ನಾಗಿದ್ದಾಳೆ. ಆದರೆ ಮಂಡ್ಯದ ಬಾಣಂತಿ ಇದಕ್ಕೆ ನೂರು ಕಿಲೋಮೀಟರ್ ಯಾಕೆ ಹೋಗಬೇಕು?

ನನ್ನ ಕೈಲಿ ಕಾರಿನ ಬಾಡಿಗೆಗೆ ದುಡ್ಡಿತ್ತು. ಕಬ್ಬು ಕಡಿಸುವ ಸರದಿ ಬಿಟ್ಟು ಆಸ್ಪತ್ರೆಯಲ್ಲಿ ಉಳಿಯುವ ಶಕ್ತಿ ಇತ್ತು. ಇನ್ನೂ ಉಳ್ಳವರು ಯಾರಿಗೂ ತಿಳಿಯದ ಹಾಗೆ ಮೈಸೂರಿನಲ್ಲಿ ಪ್ರೈವೇಟ್ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುತ್ತಾರೆ. ಕೂಲಿ ಬಿಟ್ಟರೆ ಒಲೆ ಹಚ್ಚಲಾಗದ ಮನೆಯವರು ಏನು ಮಾಡಬೇಕು? ಬಳ್ಳಾರಿ ಕಡೆಯಿಂದ ನಮ್ಮ ಗದ್ದೆಗಳಿಗೆ ಕಬ್ಬು ಕಡಿಯೋಕೆ ಬರುವ ಹೆಂಗಸರು ಬಯಲಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾರೆ. ಅವರಲ್ಲಿ ಬಸುರಿಯರಿದ್ದಾರೆ, ಹಸಿ ಬಾಣಂತಿಯರಿದ್ದಾರೆ. ಅವರ ತಾಯಿ ಕಾರ್ಡ್ ಅವರ ಊರಿನದು, ಅವರ ಆಶಾ ಅವರ ಊರಿನಲ್ಲಿ. ಇಲ್ಲಿ ಅವರ ಮನಸ್ಸು ಹೇಗಿದೆ ಅಂತ ಕೇಳುವವರು ಯಾರು?

ಇದು ಎಲ್ಲೋ ಒಬ್ಬರಿಗೆ ಬರುವ ಕಾಯಿಲೆ ಅಂತ ದಯವಿಟ್ಟು ಅನ್ನಬೇಡಿ. ನನ್ನ ತಂಗಿಗೆ ಬಂದ ಹಾಗೆ ತೀವ್ರವಾಗಿ ಬರುವುದು ಸಾವಿರ ಹೆರಿಗೆಗೆ ಒಂದೋ ಎರಡೋ, ಸರಿ. ಆದರೆ ಹೆರಿಗೆ ನಂತರದ ಖಿನ್ನತೆ ಹಾಗಲ್ಲ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರ ತಾಯಂದಿರ ಲೆಕ್ಕವನ್ನು ಒಟ್ಟು ಮಾಡಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಶೇ. 22. ಐವರು ಬಾಣಂತಿಯರಲ್ಲಿ ಒಬ್ಬರಿಗಿಂತ ಜಾಸ್ತಿ ಆಯಿತಲ್ವಾ? ಹೆಣ್ಣು ಹುಟ್ಟಿತು ಅಂತ ಮನೆಯವರು ಮುಖ ತಿರುಗಿಸುವ ಕಡೆ ಈ ಸಂಕಟ ಇನ್ನೂ ಹೆಚ್ಚು. 2023ರಲ್ಲಿ ಬಯಲಾದ ಭ್ರೂಣಲಿಂಗ ಪತ್ತೆಯ ದಂಧೆ ನಡೆಯುತ್ತಿದ್ದದ್ದು ನಮ್ಮ ಜಿಲ್ಲೆಯ ಆಲೆಮನೆಯಲ್ಲೇ. ಎರಡನೇ ಹೆಣ್ಣು ಹೆತ್ತವಳ ಮೇಲೆ ಇಲ್ಲಿ ಎಷ್ಟು ಭಾರ ಇರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕೇಳುತ್ತಿರುವುದು ಕಟ್ಟಡ ಅಲ್ಲ. ಹತ್ತೇ ಪ್ರಶ್ನೆಗಳ ಒಂದು ಪಟ್ಟಿ ಇದೆ. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಗು ಬಂತಾ, ನಿದ್ದೆ ಬಂತಾ, ಸುಮ್ಸುಮ್ನೆ ಹೆದರಿಕೆ ಆಯಿತಾ, ನಿಮ್ಮನ್ನು ನೀವೇ ಬೈದುಕೊಂಡಿರಾ, ಜೀವಕ್ಕೆ ಏನಾದರೂ ಮಾಡಿಕೊಳ್ಳೋಣ ಅನ್ನಿಸಿತಾ, ಇಂಥವು. ಐದು ಹತ್ತು ನಿಮಿಷದ ಕೆಲಸ. ಆಶಾ ಹೇಗೂ ಆರು ಸಲ ಮನೆಗೆ ಬರುತ್ತಾರೆ. ಅವರಿಗೆ ತರಬೇತಿ ಕೊಡಿಸಿ, ಅದಕ್ಕೆ ತಕ್ಕ ಹಣವನ್ನೂ ಕೊಡಿಸಿ, ಆ ಹತ್ತು ಪ್ರಶ್ನೆ ಕೇಳಿಸಿ. ಕಬ್ಬಿನ ಗುಡಿಸಲಿಗೂ ಹೋಗಿ ಕೇಳಿಸಿ.

ಅಂಗನವಾಡಿಯಲ್ಲಿ ಬಸುರಿಯರಿಗೆ ಸೀಮಂತ ಮಾಡಿ ಫೋಟೋ ತೆಗೆಸುತ್ತಾರಲ್ಲ, ಅವತ್ತೇ ಗಂಡ, ಅತ್ತೆ, ಅಮ್ಮ ಮೂವರನ್ನೂ ಕೂರಿಸಿ ಹೇಳಿಸಿ: ಬಾಣಂತಿ ನಿದ್ದೆ ಬಿಟ್ಟರೆ, ಮಗು ಬೇಡ ಅಂದರೆ, ಇಲ್ಲದ್ದು ಕಂಡಿತು ಅಂದರೆ ಅವತ್ತೇ ಆಸ್ಪತ್ರೆಗೆ ಕರೆತನ್ನಿ, ಇದು ಕಾಯಿಲೆ, ವಾಸಿ ಆಗುತ್ತದೆ ಅಂತ. ಗಂಡಂದಿರಿಗೆ ಮೊದಲು ಹೇಳಿಸಿ. ಟೆಲಿ ಮಾನಸ್ ಅಂತ ಕೇಂದ್ರದವರು 2022ರಲ್ಲಿ ಉಚಿತ ಸಹಾಯವಾಣಿ ಶುರು ಮಾಡಿದರು. ನಂಬರ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮಗೆ ಯಾರೂ ಹೇಳಿರಲಿಲ್ಲ. ಪ್ರತಿ ಹಳ್ಳಿಯ ಡೈರಿ ಗೋಡೆ ಮೇಲೆ ಅದನ್ನು ದೊಡ್ಡದಾಗಿ ಬರೆಸಿ. ಬೆಳಿಗ್ಗೆ ಸಂಜೆ ಊರೆಲ್ಲ ನಿಲ್ಲುವ ಜಾಗ ಅದು.

ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯಾಧಿಕಾರಿಗಳನ್ನು ನಿಲ್ಲಿಸಿ ಕೇಳಿ. ಮಂಗಳವಾರದ ಡಾಕ್ಟರು ಎಷ್ಟು ಮಂಗಳವಾರ ಬಂದರು? ತಾಯಿ ಮಗು ಒಟ್ಟಿಗೆ ಇರುವ ಹಾಗೆ ಜಿಲ್ಲೆಯಲ್ಲಿ ಒಂದಾದರೂ ಹಾಸಿಗೆ ಇದೆಯಾ? ಆ ಹತ್ತು ಪ್ರಶ್ನೆ ಯಾವಾಗಿನಿಂದ ಕೇಳಿಸುತ್ತೀರಿ? ಅವರು ಹೇಳಿದ್ದನ್ನು ಆಸ್ಪತ್ರೆ ಬಾಗಿಲಿಗೆ ತಾರೀಖು ಹಾಕಿ ಅಂಟಿಸಿ. ನಾನು ಕೊಟ್ಟ ಅರ್ಜಿಯ ಸ್ವೀಕೃತಿ ನನ್ನ ಹತ್ತಿರ ಇದೆ. ಸಭೆಯ ದಿನ ಅದನ್ನು ಹಿಡಿದುಕೊಂಡು ತಾಲ್ಲೂಕು ಪಂಚಾಯಿತಿ ಹತ್ತಿರ ಬರುತ್ತೇನೆ. ನಮ್ಮಮ್ಮನೂ ಬರುತ್ತಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಮಂಡ್ಯ ಜಿಲ್ಲೆ